ಸುಂದ್ರಮ್ಮನ ತುಟಿಗಳು

ಕಾಲುವೆ ನೀರು ಬಂದು ದೋರನಹಳ್ಳಿಯ ಜೋಳದ ಹೊಲಗಳು ಗದ್ದೆಯಾದ ಮೇಲೆ ಸುಂದ್ರಮ್ಮ ನಾಟಿ ಕೂಲಿಗೆ ಹೋಗತೊಡಗಿದಳು. ಬದುವಿನ ಮೇಲೆ ಆಡುವ ಮಗಳು ಕರೆಮ್ಮ, ಹಿಂದಿನಿಂದ ಕೂಗಿದರೆ ತಿರುಗುವುದಿಲ್ಲವೆಂದು ಗೊತ್ತಾದದ್ದು ಅಲ್ಲಿಯೇ.

"ಕಿವುಡಿ ಅಂತ ಊರಾಗ ಗೊತ್ತಾದ್ರ ನಾಳಿ ಯಾರ್ ಲಗ್ನ ಮಾಡ್ಕೋತಾರ? ಬಾಯಿ ಮುಚ್ಕೊಂಡಿರು," ಅಂದ ಗಂಡ ಖಂಡಪ್ಪ.

ಅಂದಿನಿಂದ ಯಾರೇ ಮಗಳನ್ನು ಮಾತಾಡಿಸಲಿ, ಸುಂದ್ರಮ್ಮ ಎದುರಿಗೆ ನಿಂತು ಅದೇ ಮಾತನ್ನು ದನಿಯಿಲ್ಲದೆ ತುಟಿಯಲ್ಲಿ ಆಡಿ ತೋರಿಸುವಳು. ಮಗಳು ನೋಡಿಕೊಂಡು ಉತ್ತರ ಕೊಡುವಳು. ನೆಂಟರ ಮನೆಯಲ್ಲಾಗಲಿ, ಹಿಟ್ಟಿನ ಗಿರಣಿಯಲ್ಲಾಗಲಿ ಯಾರಿಗೂ ಸುಳಿವು ಹತ್ತಲಿಲ್ಲ. ಶಾಲೆಯಲ್ಲಿ ಮಾತ್ರ ಅವ್ವ ಇರುತ್ತಿರಲಿಲ್ಲ.

"ನಾ ಬೋರ್ಡಿನ ಕಡಿ ಹೊಳ್ಳಿದ್ರ ನಿನ್ನ ಮಗಳಿಗಿ ಪಾಠಾನೇ ಇಲ್ಲವ್ವಾ," ಅಂದರು ಹಬೀಬಾ ಟೀಚರ್. "ಇಂಥಾ ಮಕ್ಕಳಿಗಿ ಕಲಸಾಕ ಬ್ಯಾರೆ ಮಾಸ್ತರು ಬರ್ತಾರ, ಕಿವಿಗಿ ಮಷಿನ್ನೂ ಕೊಡ್ತಾರ. ಆದ್ರ ಸರಕಾರಿ ಕ್ಯಾಂಪಿನ್ಯಾಗ ಡಾಕ್ಟರು ಕಿವಿ ಮಂದ ಅಂತ ಒಪ್ಪಬೇಕು."

ಗಂಡನಿಗೆ ಬರಿಯ ತಪಾಸಣೆಯೆಂದು ಹೇಳಿ ಸುಂದ್ರಮ್ಮ ಟೀಚರ್ ಜೊತೆ ಮಗಳನ್ನು ಶಹಾಪುರದ ಕ್ಯಾಂಪಿಗೆ ಕರೆದೊಯ್ದಳು.

ಡಾಕ್ಟರು ಕರೆಮ್ಮನನ್ನು ಕುರ್ಚಿಯಲ್ಲಿ ಕೂಡಿಸಿ, ಅವಳ ಬೆನ್ನ ಹಿಂದೆ ನಿಂತು ಒಂದೊಂದೇ ಪದ ಹೇಳತೊಡಗಿದರು. ತಾಯಿ ಎದುರಿನ ಗೋಡೆಗೆ ಒರಗಿ ನಿಂತಿದ್ದಳು.

"ಕೊಡ."

"ಕೊಡ," ಅಂದಳು ಕರೆಮ್ಮ.

"ಬಾಗಿಲ."

"ಬಾಗಿಲ."

ಒಂದೂ ತಪ್ಪಲಿಲ್ಲ. "ಕಿವಿ ಚಲೋ ಅದಾವ. ಓದಾಕ ಬ್ಯಾಸರ, ಅಷ್ಟೇ," ಅಂದರು ಡಾಕ್ಟರು.

ಕಿವಿ ಚಲೋ ಅದಾವ! ವರ್ಷಗಟ್ಟಲೆ ಕೇಳಬೇಕೆಂದಿದ್ದ ಮಾತಿಗೆ ಸುಂದ್ರಮ್ಮನ ಎದೆ ಒಂದು ಗಳಿಗೆ ಅರಳಿತು. ಮರುಗಳಿಗೆಗೆ ತನ್ನ ತುಟಿ ಮಾಡಿದ ಕೆಲಸ ಅವಳಿಗೆ ಹೊಳೆಯಿತು.

"ಸಾಹೇಬ್ರ, ತಪ್ಪಾತ್ರಿ! ಆಕಿಗಿ ಕೇಳಿಲ್ರಿ. ನಾ ಬಾಯಿ ಆಡಿಸೀನ್ರಿ, ಆಕಿ ನೋಡ್ಕೋತ ಹೇಳ್ಯಾಳ. ಇನ್ನೊಮ್ಮಿ ನೋಡ್ರಿ, ನಾ ಹೊರಗ ಹೋಗ್ತೀನಿ."

"ಈಗ ನೆಟ್ಟಗ ಹೇಳ್ಯಾಳಲ್ಲ? ಅಂಗವಿಕಲರ ಪಿಂಚಣಿ ಆಸೆಗಿ ಮಗಳನ್ನ ಕಿವುಡಿ ಮಾಡ್ತೀಯೇನಬೇ?" ಸಾಲಿನಲ್ಲಿದ್ದವರು ನಕ್ಕರು. ಮುಂದಿನವರನ್ನು ಕರೆದಾಗಿತ್ತು.

ಹೊರಗೆ ಹಬೀಬಾ ಟೀಚರ್ ಎಲ್ಲವನ್ನೂ ಕೇಳಿ ಒಳಗೆ ಹೋಗಿ ವಾದಿಸಿ ಬಂದರು. "ಬರೋ ವರ್ಷ ಅಂತಾರ," ಅಂದರು. ಬೈಯಲಿಲ್ಲ, ಬೈದಿದ್ದರೆ ಸುಂದ್ರಮ್ಮನಿಗೆ ಹಗುರವಾಗುತ್ತಿತ್ತು.

"ಯವ್ವಾ, ನಾ ಎಲ್ಲಾ ಬರೋಬರಿ ಹೇಳಿನಿಲ್ಲೋ?" ಅಂತ ಕರೆಮ್ಮ ಬಸ್ಸಿನಲ್ಲಿ ಉಬ್ಬಿ ಕೇಳಿದಳು. ಸುಂದ್ರಮ್ಮ ಅವಳ ತಲೆ ಸವರಿದಳು.

ಡಾಕ್ಟರ ಮಾತು ಕೇಳಿದ ಖಂಡಪ್ಪ ಜಿಲೇಬಿ ತಂದು ಓಣಿಗೆಲ್ಲ ಹಂಚಿದ. "ಡಾಕ್ಟರೇ ಹೇಳ್ಯಾರ. ಇನ್ನ ಯಾರರ ಕಿವುಡಿ ಅನ್ನಲಿ, ನೋಡ್ತೀನಿ!" ಹೆಂಡತಿಯ ಕೈಗೂ ಒಂದಿಟ್ಟ. ಅವಳು ಅದನ್ನು ಎಮ್ಮೆಯ ಬಾಯಿಗಿಟ್ಟಳು.