ಹಸುವಿನ ಗೊರಸಿನ ಗುರುತು

ಹೇರೋಹಳ್ಳಿಯ ನಮ್ಮ ಹೊಸ ಮನೆಯ ಗೃಹಪ್ರವೇಶದ ಬೆಳಿಗ್ಗೆ ನಡುಮನೆಯಲ್ಲಿ ನಾನು, ಅಮ್ಮ, ಪುರೋಹಿತರು ಮತ್ತು ಹಸು ಹೊಡೆದುಕೊಂಡು ಬಂದಿದ್ದ ಪಕ್ಕದ ಬೀದಿಯ ಹಾಲಿನವರು ಇದ್ದೆವು. ನುಣುಪು ನೆಲದ ಮೇಲೆ ಹಸು ಜಾರಿ ಸಾವರಿಸಿಕೊಳ್ಳುವಾಗ ಗೊರಸು ತಗುಲಿ ಒಂದು ಟೈಲ್ಸಿನ ಮೂಲೆ ಒಡೆಯಿತು. ನನ್ನ ಮುಖ ನೋಡಿದ ಹಾಲಿನವರು, "ಬೇಜಾರ್ ಮಾಡ್ಕೋಬೇಡಿ ಸಾರ್, ಮಹಾಲಕ್ಷ್ಮಿ ಬಂದಿದ್ದಕ್ಕೆ ಸಹಿ ಹಾಕವ್ಳೆ" ಎಂದರು. ಎಲ್ಲರೂ ನಕ್ಕರು, ನಾನೊಬ್ಬ ನಗಲಿಲ್ಲ.

ಅಮ್ಮ ಆ ಮಾತನ್ನು ನಿಜವೆಂದೇ ಹಿಡಿದಳು. ಪ್ರತಿ ಶುಕ್ರವಾರ ಹೊಸ್ತಿಲ ಪೂಜೆ ಮುಗಿಸಿ ಆ ಮುರುಕು ಮೂಲೆಗೂ ಅರಿಶಿನ ಕುಂಕುಮ ಇಡುತ್ತಿದ್ದಳು. ನನಗೋ, ಬಂದವರ ಕಣ್ಣೆಲ್ಲ ಅಲ್ಲಿಗೇ ಹೋಗುತ್ತದೆಂಬ ಕೊರಗು. ಅದನ್ನು ಬದಲಾಯಿಸೋಣವೆಂದು ಅಮ್ಮನಿಗೆ ಹೇಳಿದೆ.

"ಅಷ್ಟಕ್ಕೆಲ್ಲಾ ಯಾಕೋ ತಲೆ ಕೆಡಿಸ್ಕೊಳ್ತೀಯ? ಅದಿದ್ರೇನೇ ನಂಗೆ ನಮ್ಮನೆ ಅನ್ಸೋದು ಕಣೋ" ಎಂದಳು. ಆ ಮಾತನ್ನು ನಾನು ಕೇಳಬೇಕಿತ್ತು. ಅವಳು ಅಕ್ಕನ ಮನೆಗೆ ಹೋಗಿದ್ದಾಗ ಗಾರೆಯವರನ್ನು ಕರೆಸಿ ಟೈಲ್ಸ್ ಬದಲಾಯಿಸಿಬಿಟ್ಟೆ. ಅದೇ ಬಣ್ಣದ್ದು ಸಿಗಲಿಲ್ಲ. ಹೊಸದು ತೇಪೆ ಹಾಕಿದಂತೆ, ಒಡೆದದ್ದಕ್ಕಿಂತ ಹೆಚ್ಚು ಎದ್ದು ಕಾಣತೊಡಗಿತು.

ಅಮ್ಮ ಮರಳಿ ಬಂದಳು. ಆ ಶುಕ್ರವಾರ ಹೊಸ್ತಿಲಿಗೆ ಕುಂಕುಮವಿಟ್ಟು, ತಟ್ಟೆ ಹಿಡಿದು ನಡುಮನೆಗೆ ಬಂದು ಹೊಸ ಟೈಲ್ಸಿನ ಮುಂದೆ ನಿಂತಳು. ಆಮೇಲೆ ತಟ್ಟೆಯನ್ನು ದೇವರ ಮನೆಯಲ್ಲಿಟ್ಟು ಅಡುಗೆಮನೆಗೆ ಹೋದಳು.