ಮಗಳ ಐವತ್ತು ನಿಮಿಷ

ನಾಚಿಕೆ ಬಿಟ್ಟು ಹೇಳಿಬಿಡ್ತೀನಿ. ನಾನು ಮುಖವನ್ನೇ ನೋಡದ ಒಬ್ಬ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚು ಬಂದಿತ್ತು. ಅವಳು ದೋಹಾದಲ್ಲಿ ನನ್ನ ಮಗಳು ಓದುವ ಯೂನಿವರ್ಸಿಟಿಯ ಕೌನ್ಸೆಲರ್.

ಅದೇ ದೋಹಾದ ಅಲ್ ಹಿಲಾಲ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಹುರುಳಿಕಾಯಿ ನಾರು ತೆಗೀತಾ ಕೂತಿದ್ದೆ. ಫೋನು ಟಿಂಗ್ ಅಂತು. ಮಗಳ ಹೆಸರು, ಅದರ ಕೆಳಗೆ, ಯೂನಿವರ್ಸಿಟಿ ಕ್ಲಿನಿಕ್ಕಿನ ಕೌನ್ಸೆಲಿಂಗ್ ಮೂರನೇ ಭೇಟಿಯ ಖರ್ಚು ಇನ್ಶೂರೆನ್ಸ್‌ನಿಂದ ಮಂಜೂರಾಗಿದೆ ಅಂತ ಮೆಸೇಜು. ಮೂರನೇದು! ಮೊದಲಿನ ಎರಡನ್ನು ಜಾಹೀರಾತು ಅಂದ್ಕೊಂಡು ಓದದೇ ಅಳಿಸಿದ್ದೆನೇನೋ.

ನನ್ನ ಫೋನಿಗೆ ಯಾಕೆ ಬಂತು ಅಂತೀರಾ? ನಮ್ಮನೇಲಿ ಫಾರಂ ತುಂಬೋದು ನನ್ನ ಇಲಾಖೆ. ಮಗಳ ಎಲ್‌ಕೆಜಿಯಿಂದ ಹಿಡಿದು ರೆಸಿಡೆನ್ಸ್ ಪರ್ಮಿಟ್‌ವರೆಗೆ ಮೊಬೈಲ್ ನಂಬರ್ ಅಂತ ಇದ್ದ ಕಡೆಯಲ್ಲೆಲ್ಲ ನನ್ನದೇ ಬರೆದು ರೂಢಿ. ಸ್ಟೂಡೆಂಟ್ ಇನ್ಶೂರೆನ್ಸ್ ಫಾರಂನಲ್ಲೂ ಅದೇ ಕೈ, ಅದೇ ನಂಬರು. ಹತ್ತೊಂಬತ್ತು ವರ್ಷದ ಹುಡುಗಿಗೆ ಅವಳದೇ ಫೋನಿದೆ ಅನ್ನೋದು ತಲೆಗೇ ಬರಲಿಲ್ಲ.

ಗಂಡನಿಗೆ ಹೇಳಿದೆ. "ಹಲ್ಲು ಕ್ಲೀನ್ ಮಾಡಿಸ್ಕೊಳ್ಳಲ್ವಾ, ಹಾಗೇ. ಇನ್ಶೂರೆನ್ಸ್ ಕೊಡತ್ತೆ, ಹೋಗಲಿ ಬಿಡು" ಅಂದರು. ಹಲ್ಲಂತೆ! ಮೈಯೆಲ್ಲ ಉರಿದುಹೋಯಿತು.

ಮೆಸೇಜಿನಲ್ಲೇ ಇತ್ತು, ಒಂದು ಸಲಕ್ಕೆ ಐವತ್ತು ನಿಮಿಷವಂತೆ. ನನಗೆ ದಿನಕ್ಕೆ ಐದು ನಿಮಿಷ ಸಿಕ್ಕರೆ ಹೆಚ್ಚು. "ಊಟ ಆಯ್ತಾ?" "ಹೂಂ." "ಕ್ಲಾಸ್ ಹೇಗಿತ್ತು?" "ಫೈನ್ ಅಮ್ಮ." ಖಲಾಸ್. ಹೆತ್ತವಳು ನಾನು, ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿ ಪಕ್ಕದಲ್ಲಿ ಕೂತವಳು ನಾನು, ಮನಸ್ಸು ಬಿಚ್ಚೋದು ಮಾತ್ರ ಯಾರೋ ಸಂಬಳದವಳ ಮುಂದೆ. ನನ್ನ ಮೇಲೆ ಏನೇನು ದೂರು ಹೇಳ್ತಾಳೋ, ಆ ಮಹಾತಾಯಿ ಏನೇನು ಬರ್ಕೊಳ್ತಾಳೋ ಅಂತ ಯೋಚಿಸಿ ಯೋಚಿಸಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಗಳನ್ನು ಕೇಳಲಿಲ್ಲ, ಅವಳಾಗೇ ಹೇಳಲಿ ಅನ್ನೋ ಹಟ. ಅವಳಿಗೇನಾಗಿದೆ ಅನ್ನೋ ಚಿಂತೆಯೂ ಬಂತು, ಇಲ್ಲ ಅನ್ನಲ್ಲ. ಆದ್ರೆ ಮೊದಲು ಬಂದದ್ದು ಹೊಟ್ಟೆಕಿಚ್ಚೇ.

ಮುಂದಿನ ವಾರ ಅವಳನ್ನು ಕರ್ಕೊಂಡು ಬರೋಕೆ ಹೋಗಿ, ಯೂನಿವರ್ಸಿಟಿ ಪಾರ್ಕಿಂಗ್‌ನಲ್ಲಿ ಎ.ಸಿ. ಹಾಕ್ಕೊಂಡು ಕಾಯ್ತಿದ್ದೆ. ಫೋನಿಗೆ ಒಂದು ಕೋಡ್ ಬಂತು. ಮೂರು ಭೇಟಿ ಮುಗಿದಿವೆ, ಮುಂದುವರಿಸಲು ಈ ಕೋಡನ್ನು ಕ್ಲಿನಿಕ್ಕಿನಲ್ಲಿ ಹೇಳಿ ಅಂತ. ಅದರ ಹಿಂದೆಯೇ ಮಗಳ ಫೋನು.

"ಅಮ್ಮ, ನಿಂಗೊಂದು ಕೋಡ್ ಬಂದಿರತ್ತೆ, ಹೇಳ್ತೀಯಾ? ಇಲ್ಲಿ ಕ್ಲಿನಿಕ್ಕಲ್ಲಿ ಬೇಕಂತೆ."

"ಏನೂ ಬಂದಿಲ್ವಲ್ಲ" ಅಂದೆ. ಕೋಡ್ ಕಣ್ಣೆದುರಿಗೇ ಇತ್ತು.

ಹತ್ತು ನಿಮಿಷಕ್ಕೆ ಮುಖ ಬಾಡಿಸಿಕೊಂಡು ಬಂದು ಕಾರು ಹತ್ತಿದಳು. "ಇವತ್ತು ತುಂಬಾ ಬೇಕಿತ್ತು" ಅಂದಳು, ನನಗಲ್ಲ, ತನಗೆ ತಾನೇ.

"ಎಲ್ಲಾ ಗೊತ್ತು ನಂಗೆ. ಅದೇನಿದೆಯೋ ನನ್ ಹತ್ರ ಹೇಳು. ನಾನೇನು ಸತ್ತುಹೋಗಿದ್ದೀನಾ?"

ಬೆಚ್ಚಿ ನನ್ನನ್ನೇ ನೋಡಿದಳು. ಬ್ಯಾಗನ್ನು ಕಾಲ ಬಳಿ ಇಟ್ಟು ಶುರು ಮಾಡಿದಳು. "ಅಮ್ಮ, ಬೆಳಿಗ್ಗೆ ಎದ್ದ ತಕ್ಷಣ ಎದೆ ಡವಡವ ಅನ್ನತ್ತೆ. ಕ್ಲಾಸಿನ ಬಾಗಿಲ ತನಕ ಹೋಗಿ ಎಷ್ಟೋ ದಿನ ವಾಪಸ್..."

"ತಿಂಡಿ ಬಿಟ್ಟು ಓಡಿದ್ರೆ ಇನ್ನೇನಾಗತ್ತೆ? ಬಡ್ಕೊಂಡೆ, ಒಂದು ದೋಸೆಯಾದ್ರೂ ತಿನ್ನು ಅಂತ! ಅದರ ಮೇಲೆ ಆ ಫೋನ್ ಬೇರೆ..."

ಅವಳು ಸಿಟ್ಟು ಮಾಡಿಕೊಂಡಿದ್ದರೆ ಜಗಳವಾಡಿ ಗೆಲ್ತಿದ್ದೆ. "ಹೂಂ ಅಮ್ಮ" ಅಂದು ಸೀಟ್‌ಬೆಲ್ಟ್ ಹಾಕ್ಕೊಂಡಳು, ಅಷ್ಟೇ. ಇಷ್ಟು ದಿನ ಹಪಹಪಿಸಿದ್ದು ಕೈಗೇ ಬಂದಿತ್ತು, ಎರಡು ಮಾತು ಮುಗಿಸೋಕೂ ಬಿಡದೆ ನಾನೇ ಹಾಳು ಮಾಡಿದ್ದೆ. ಥೂ ನನ್ನ ನಾಲಿಗೆಗಿಷ್ಟು.

ಫೋನನ್ನು ಅವಳ ಮಡಿಲಿಗೆ ಹಾಕಿದೆ. "ಬಂದಿತ್ತು. ನಾನೇ ಹೇಳಲಿಲ್ಲ. ಯಲ್ಲಾ, ನಡಿ, ಇಳಿ."

ಬೈತಾಳೆ ಅಂದ್ಕೊಂಡೆ. ಬೈಯಲಿಲ್ಲ. ಇಬ್ಬರೂ ಕ್ಲಿನಿಕ್ಕಿಗೆ ಹೋಗುವಷ್ಟರಲ್ಲಿ ಆ ಕೋಡಿನ ಅವಧಿ ಮುಗಿದಿತ್ತು, ಹೊಸದು ತರಿಸಿದರು. ತಪ್ಪು ನನ್ನದು ಅಂತ ರಿಸೆಪ್ಶನ್ನಿನವಳ ಹತ್ತಿರ ನಾನೇ ಹೇಳಿದೆ. ಇನ್ನು ಅರ್ಧ ಗಂಟೆ ಮಾತ್ರ ಉಳಿದಿದೆ ಅಂದಳು. ಮಗಳು ನನ್ನ ಕಡೆ ತಿರುಗಿಯೂ ನೋಡದೆ ಒಳಗೆ ಹೋದಳು.

ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಕಿವಿಗೊಟ್ಟೆ, ಸುಳ್ಳು ಯಾಕೆ ಹೇಳಲಿ. ಮಾತು ಒಂದೂ ತಿಳೀಲಿಲ್ಲ, ದನಿ ಮಾತ್ರ ಕೇಳ್ತಿತ್ತು. ಮಗಳು ತಡವರಿಸಿದಳು, ಸುಮ್ಮನಾದಳು, ಅತ್ತಳು. ಆಮೇಲೆ ಮಾತಾಡಿದಳು, ಮಾತಾಡುತ್ತಲೇ ಹೋದಳು. ಈಗ ಆ ಕೌನ್ಸೆಲರ್ ಬುದ್ಧಿ ಹೇಳ್ತಾಳೆ, ಇನ್ನೇನು ಈಗ ಹೇಳ್ತಾಳೆ ಅಂತ ಹಲ್ಲು ಕಚ್ಚಿಕೊಂಡು ಕಾದೆ. ಅರ್ಧ ಗಂಟೆ ಮುಗಿಯೋ ತನಕ ಆ ಪುಣ್ಯಾತ್ಗಿತ್ತಿ ಮಧ್ಯೆ ಬಾಯಿ ಹಾಕಲೇ ಇಲ್ಲ.