ಕಾವಲು ತೆಗೆಯುವ ದಿನ

ನಮ್ಮೂರಿನ ಹುಲ್ಲುಗಾವಲಿಗೆ ದನ ಬಿಡುವ ದಿನವನ್ನು ಪಂಚಾಂಗ ಹೇಳುತ್ತಿರಲಿಲ್ಲ, ನಮ್ಮ ತಾತ ಹೇಳುತ್ತಿದ್ದರು. ಮುಂಗಾರು ಬಿದ್ದೊಡನೆ ಕಾವಲಿನ ದಾರಿಗೆ ಜಾಲಿಮುಳ್ಳು ಅಡ್ಡ ಬೀಳುತ್ತಿತ್ತು. ದೀಪಾವಳಿ ಹತ್ತಿರವಾದಾಗ ತಾತ ಒಳಗೆ ಹೋಗಿ, ಹುಲ್ಲಿನ ತೆನೆಯನ್ನು ಹಿಡಿದು ಎಳೆಯುತ್ತಿದ್ದರು. ಬೀಜ ಸಲೀಸಾಗಿ ಅಂಗೈಗೆ ಉದುರಿದರೆ ಮುಳ್ಳು ತೆಗೆಯಬಹುದು. ಇಲ್ಲವಾದರೆ ಇನ್ನೊಂದು ವಾರ. ಅಷ್ಟೇ ವಿದ್ಯೆ. ಆ ಅಧಿಕಾರ ತಾತನ ನಂತರ ಯಾರಿಗೆ ಎಂಬುದೇ ನನ್ನ ಸಂಕಟ.

ಹಿರಿಯ ಮೊಮ್ಮಗ ನಾನು. ಆದರೆ ತಾತನ ಹಿಂದೆ ಹೋಗುತ್ತಿದ್ದವನು ಚಿಕ್ಕಪ್ಪನ ಮಗ, ನನಗಿಂತ ಒಂದು ವರ್ಷ ಚಿಕ್ಕವನಾದ ತಮ್ಮ. ನಾನು ಮಧುಗಿರಿಯ ಹೈಸ್ಕೂಲಿನಲ್ಲಿ ಎದುರಾಳಿಯ ಬಾಯಿ ಕಟ್ಟುವ ಚರ್ಚೆ ಕಲಿಯುತ್ತಿದ್ದರೆ, ಅವನು ಗೌಜಲಕ್ಕಿ ಮೊಟ್ಟೆಯಿಡುವ ಜಾಗ, ಜಿಂಕೆಮರಿ ಅಡಗುವ ಪೊದೆ ಕಲಿಯುತ್ತಿದ್ದ. ರಜೆಗೆ ಬಂದು ಊಟಕ್ಕೆ ಕೂತರೆ ಅವರಿಬ್ಬರದೇ ಮಾತು.

"ಆ ಒಂಟಿ ಗಂಡು ಬಂದಿತ್ತೇನ್ಲಾ?"

"ಬಂದಿತ್ತು ತಾತ."

ಯಾವ ಗಂಡು ಜಿಂಕೆ ಎಂದು ನಾನು ಕೇಳಬೇಕಿತ್ತು. ಕೇಳುತ್ತಿರಲಿಲ್ಲ.

ಯುದ್ಧದ ಕಾಲದ ಒಂದು ದಸರಾ ರಜೆಯಲ್ಲಿ ತಾತನ ಮೊಣಕಾಲು ಊದಿತು. ಜಗಲಿಯಿಂದ ಇಳಿಯಲಾರದೆ, "ಈ ಸಲ ಇವ್ನು ನೋಡ್ಕಂಡು ಬರ್ಲಿ" ಎಂದು ತಮ್ಮನನ್ನು ಕಳಿಸಿದರು. ಅವನು ಹೋಗಿ ಬಂದು ಅರಳಿಕಟ್ಟೆಯಲ್ಲಿ ಕೂತಿದ್ದವರಿಗೆ, "ಇನ್ನೂ ಹಸಿ. ಮೂರು ವಾರ ಬೇಕು" ಎಂದ.

ನಾನು ಎದ್ದು ನಿಂತೆ. "ದನಕ್ಕೆ ಬೇಕಾಗಿರೋದು ಹುಲ್ಲೋ, ಬೀಜವೋ? ಹಸಿಯಾಗಿದ್ದಾಗ ಸಾರ, ಬಲಿತ ಮೇಲೆ ಬರೀ ಕಡ್ಡಿ. ಬೀಜದ ಮುಳ್ಳು ಕರುಗಳ ಬಾಯಿಗೆ ಚುಚ್ಚೋದನ್ನ ನೀವು ನೋಡಿಲ್ವಾ?"

"ಬೀಜ ಬೀಳ್ಲಿ ಕಣಣ್ಣ" ಎಂದ ತಮ್ಮ.

"ಯಾಕೆ? ಕಾರಣ ಹೇಳು."

"ಬೀಳ್ಬೇಕು."

ಕಟ್ಟೆಯೆಲ್ಲ ನಕ್ಕಿತು. "ಓದಿದ್ರೆ ಇಂಗೆ ಓದ್ಬೇಕು ಕಣ್ಲಾ!" ಎಂದರು ಒಬ್ಬ ಹಿರಿಯರು. ಬೀಜ ಬೀಳದಿದ್ದರೆ ಮುಂದಿನ ವರ್ಷದ ಹುಲ್ಲು ಎಲ್ಲಿಂದ ಬರಬೇಕೆಂದು ಅವನು ಕೇಳಬಹುದಿತ್ತು. ಅದಕ್ಕೂ ಉತ್ತರ ಹೊಂದಿಸಿಟ್ಟುಕೊಂಡಿದ್ದೆ, ಸುಳ್ಳು ಉತ್ತರ. ಅವನು ಕೇಳಲಿಲ್ಲ. ಆಯುಧಪೂಜೆಯ ಮಾರನೆಯ ದಿನ ಮುಳ್ಳು ತೆಗೆದರು.

ಮುಂದಿನ ಮುಂಗಾರಿನಲ್ಲಿ ಕಾವಲು ಹುಳ ತಿಂದ ಕಂಬಳಿಯಂತಿತ್ತು. ನಡುನಡುವೆ ಕೆಂಪು ನೆಲ, ದನ ಮುಟ್ಟದ ತಂಗಡಿ ಗಿಡ. ಗೌಜಲಕ್ಕಿಯ ಕೂಗಿರಲಿಲ್ಲ. ಜಿಂಕೆಗಳು ನಿಡುಗಲ್ ಕಡೆಗೆ ಹೋದವೆಂದು ಯಾರೋ ಹೇಳಿದರು. ಮಳೆ ಸಾಲದು ಎಂದು ವಾದಿಸಿ ನೋಡಿದೆ. ಪಕ್ಕದ ಹೊಲದಲ್ಲೇ ರಾಗಿ ಹುಲುಸಾಗಿ ನಿಂತಿತ್ತು.

ತಾತ ಬೈಯಲಿಲ್ಲ. "ಎರಡು ವರ್ಷ ಮುಚ್ಬೇಕು. ತೆಗ್ಸಿದ ಬಾಯೇ ಮುಚ್ಚುಸ್ಲಿ. ಓಗಿ ಒಪ್ಸು" ಎಂದರು.

ಕಟ್ಟೆಯ ಮುಂದೆ ನಿಂತು ನನ್ನ ಮಾತನ್ನು ನಾನೇ ಖಂಡಿಸಿದೆ. ಒಂದೊಂದಾಗಿ, ಚೆನ್ನಾಗಿಯೇ ಖಂಡಿಸಿದೆ.

"ಓದ್ ವರ್ಷ ಬುಡಿ ಅಂದೋನೂ ನೀನೇ ಅಲ್ವೇನಪ್ಪ? ಮುಂದಿನ್ ವರ್ಷ ಏನಂತೀಯೋ, ಈಗ್ಲೇ ಏಳ್ಬುಡು!" ಎಂದು ಯಾರೋ ಕೂಗಿದರು.

ನಗು ನಿಲ್ಲಲಿಲ್ಲ. ಆಗ ಹಿಂದೆ ಕೂತಿದ್ದ ತಮ್ಮ ಎದ್ದ. "ಮುಚ್ಚಾನ. ಮೇವಿಲ್ದೋರು ನಮ್ಮ ಹೊಲದ ಜೋಳದ ಸಪ್ಪೆ ತಕಂಡೋಗಿ."

ನಗು ನಿಂತಿತು. ಯಾರೂ ಕಾರಣ ಕೇಳಲಿಲ್ಲ. "ಸರಿ, ತೆಗೆಯೋ ದಿನಾನೂ ಇನ್ಮೇಲೆ ನೀನೇ ಏಳಪ್ಪ" ಎಂದು ಹೋದ ವರ್ಷ ನನ್ನನ್ನು ಹೊಗಳಿದ್ದ ಹಿರಿಯರೇ ಅವನಿಗೆ ಹೇಳಿದರು. ಅಧಿಕಾರವನ್ನು ತಾತ ಕೊಡುವ ಮೊದಲೇ ಊರು ಕೊಟ್ಟಾಗಿತ್ತು.

ಮನೆಗೆ ಬಂದಾಗ ತಾತ ಕೇಳಿದರು: "ಒಪ್ಪಿದ್ರೇನ್ಲಾ?"

"ಒಪ್ಪಿದ್ರು" ಎಂದೆ. ಒಪ್ಪಿಸಿದ್ದು ಯಾರೆಂದು ಹೇಳಲಿಲ್ಲ.

ತಾತ ನನ್ನ ತಲೆ ಸವರಿದರು. ತಮ್ಮ ಬಾಗಿಲಲ್ಲೇ ನಿಂತಿದ್ದ, ಎಲ್ಲವನ್ನೂ ಕೇಳಿಸಿಕೊಂಡಿದ್ದ. ನನ್ನ ಗುಟ್ಟು ಒಡೆಯದೆ ದನಕ್ಕೆ ನೀರಿಡಲು ಹೋದ. ಅದಕ್ಕೂ ನನ್ನ ಹೊಟ್ಟೆ ಉರಿಯಿತು.